ಬೆನ್ನಿನ ಕಿವಿ

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಪಂಪಾವತಿ, ಪಕ್ಕದಲ್ಲಿ ಕೂತು ಹೆದರುವವನು ನಾನು. ಮದುವೆಯಾದ ಹೊಸದರಲ್ಲಿ ನಾನೂ ಒಮ್ಮೆ ಸ್ಟಿಯರಿಂಗ್ ಹಿಡಿದು ನೋಡಿದ್ದುಂಟು. ಅದರ ಗುರುತು ನಮ್ಮ ಹೈಸ್ಕೂಲಿನ ಕಾಂಪೌಂಡು ಗೋಡೆಯ ಮೇಲೆ ಇವತ್ತಿಗೂ ಇದೆ. ಅದೇ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನಾದ್ದರಿಂದ ಆ ಗೋಡೆಯನ್ನು ದಿನಾ ದಾಟಿ ಹೋಗಬೇಕು.

ಪಂಪಾವತಿಗೆ ಕಿವಿ ಕೇಳುವುದಿಲ್ಲ. ಎಳೆ ವಯಸ್ಸಿನಲ್ಲಿ ಬಂದ ಜ್ವರ ಎರಡು ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅಷ್ಟರಲ್ಲಿ ಮಾತು ಕಲಿತಾಗಿದ್ದರಿಂದ ಮಾತು ಉಳಿಯಿತು. ಎದುರಿನವರ ತುಟಿ ನೋಡಿ ಅವರು ಹೇಳಿದ್ದನ್ನು ಹಿಡಿಯುತ್ತಾಳೆ. ತನ್ನ ದನಿ ತನಗೆ ಕೇಳದ ಕಾರಣ ತುಸು ಜೋರಾಗಿಯೇ ಮಾತಾಡುತ್ತಾಳೆ. ನಮ್ಮ ಮನೆಯ ಗುಟ್ಟೆಲ್ಲ ಓಣಿಗೆ ಗೊತ್ತು.

ಇಂಥವಳು ಸಂಡೂರಿನ ಗುಡ್ಡದ ರಸ್ತೆಯಲ್ಲಿ, ಅದಿರು ಲಾರಿಗಳ ನಡುವೆ ಕಾರು ಓಡಿಸುವುದು ಹೇಗೆ ಎಂದು ನೀವು ಕೇಳಬಹುದು. ಬೆನ್ನಿನಿಂದ ಓಡಿಸುತ್ತಾಳೆ. ಹರಿಣಿ ಎಂಬ ಆ ಕಾರಿನ ಮೈಮೇಲೆ ಆರು ಕಡೆ ಕಡಲೆಕಾಳಿನಷ್ಟು ದೊಡ್ಡ ಮೈಕುಗಳಿವೆ. ಹಿಂದೆ ಎಡಗಡೆಯಿಂದ ಹಾರ್ನ್ ಆದರೆ ಶಬ್ದ ಎಡಗಡೆಯ ಮೈಕಿಗೆ ಮೊದಲು ಮುಟ್ಟುತ್ತದೆ, ಬಲಗಡೆಯದಕ್ಕೆ ಕೂದಲೆಳೆಯಷ್ಟು ತಡವಾಗಿ. ಆ ವ್ಯತ್ಯಾಸದಿಂದ ಶಬ್ದ ಬಂದ ದಿಕ್ಕನ್ನೂ, ದನಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದರಿಂದ ಗಾಡಿ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದನ್ನೂ ಕಾರಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಕೂಡಲೇ ಚಾಲಕರ ಸೀಟಿನೊಳಗಿನ ಪುಟ್ಟ ಮೋಟರುಗಳು ಎಡ ಹೆಗಲ ಕೆಳಗೋ, ಬಲ ಹೆಗಲ ಕೆಳಗೋ, ಸೊಂಟದ ಹತ್ತಿರವೋ ಮೊಬೈಲ್ ನಡುಗಿದ ಹಾಗೆ ನಡುಗುತ್ತವೆ. ಕಂಪನಿಯವರು ಇದಕ್ಕೆ ಧ್ವನಿಸ್ಪರ್ಶ ಎಂದು ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲಿ ಅದು ಬೆನ್ನಿನ ಕಿವಿ.

ಆ ಸೀಟಿನ ಬಲದ ಮೇಲೆಯೇ ಅವಳಿಗೆ ಲೈಸೆನ್ಸ್ ಸಿಕ್ಕಿದ್ದು. ಕಾರ್ಡಿನ ಹಿಂಭಾಗದಲ್ಲಿ 'ಸ್ಪರ್ಶಸೂಚನೆ ಇರುವ ವಾಹನಕ್ಕೆ ಮಾತ್ರ' ಎಂದು ಅಚ್ಚಾಗಿದೆ. ಆ ಲೈಸೆನ್ಸಿನ ಮೇಲೆ ಅವಳ ಕೆಲಸ ನಿಂತಿದೆ. ಗುಡ್ಡದ ತಾಂಡಾಗಳಿಗೆ ಹೋಗಿ ಲಂಬಾಣಿ ಹೆಂಗಸರಿಗೆ ಬಟ್ಟೆ, ದಾರ, ಕನ್ನಡಿ ಬಿಲ್ಲೆ ಕೊಟ್ಟು ಬರುತ್ತಾಳೆ. ಅವರು ಕಸೂತಿ ಹಾಕಿದ ಚೀಲ, ದುಪಟ್ಟಾಗಳನ್ನು ಹೊಸಪೇಟೆಯ ಅಂಗಡಿಗಳಿಗೆ ಮುಟ್ಟಿಸುತ್ತಾಳೆ. ಒಂದೊಂದು ತಾಂಡಾದ ನಂಬಿಕೆ ಗಳಿಸಲು ವರ್ಷಗಟ್ಟಲೆ ಅಲೆದಿದ್ದಾಳೆ. ಅವುಗಳಲ್ಲಿ ಅರ್ಧಕ್ಕರ್ಧ ಕಡೆ ಬಸ್ಸೇ ಹೋಗುವುದಿಲ್ಲ.

ಆ ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ನಮ್ಮ ಕಡೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ದಾರಿಗೆ ಗಂಡಿ ಅನ್ನುತ್ತಾರೆ. ಜೋಗಿಗಂಡಿಯ ತಿರುವಿನಲ್ಲಿ ಎದುರಿನಿಂದ ಬರುವ ಗಾಡಿ ಕಾಣುವುದಿಲ್ಲ, ಕೇಳಬೇಕು. ತಿರುವಿಗೆ ಮುಂಚೆ ಲಾರಿಯ ಹಾರ್ನ್ ನನಗೆ ಕೇಳಿಸಿತು, ಒಂದಲ್ಲ, ಮೂರು ಸಲ. ಪಂಪಾವತಿ ನಿಧಾನ ಮಾಡಲಿಲ್ಲ. ಮರುಗಳಿಗೆ ಕೆಂಪು ಧೂಳು ಮೆತ್ತಿದ ಲಾರಿಯೊಂದು ನಮ್ಮ ಕನ್ನಡಿ ಸವರಿಕೊಂಡು ಬಂದು, ಗುಡ್ಡಕ್ಕೆ ಒರಗಿದಂತೆ ನಿಂತಿತು.

ಪಂಪಾವತಿ ಇಳಿದವಳೇ ಡ್ರೈವರ್ ಮಸ್ತಾನನನ್ನು ತರಾಟೆಗೆ ತೆಗೆದುಕೊಂಡಳು. ಅವನು ದಿನಾ ಎದುರಾಗುವ ಪರಿಚಯದವನು.

"ಗಂಡಿಯಾಗ ಹಾರ್ನ್ ಹೊಡಿಯಾಕ ಏನಾಗಿತ್ತು ನಿನಗ?"

"ಮೂರು ಸಲ ಹೊಡದೀನಿ ಅಕ್ಕಾ. ಬೇಕಾರ ಮೇಷ್ಟ್ರನ್ನ ಕೇಳ್ರಿ," ಅಂದ ಮಸ್ತಾನ್.

ಅವಳು ನನ್ನ ಕಡೆ ತಿರುಗಿದಳು. "ಹೌದೇನ್ರಿ? ನಿಮಗ ಕೇಳಿಸ್ತಾ?"

"ಕೇಳಿಸ್ತು."

"ಮತ್ತ ಬಾಯಿಗೆ ಬೀಗ ಹಾಕ್ಕೊಂಡು ಕುಂತಿದ್ರಿ?"

ಸೀಟು ಹೇಳುತ್ತದೆ ಅಂದುಕೊಂಡಿದ್ದೆ. ಕಾರು ಬಂದಾಗಿನಿಂದ ಅದೇ ಹೇಳುತ್ತಿತ್ತು. ನಡುವೆ ನಾನು ಬಾಯಿ ಹಾಕಿದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಹಾಗಾಗಿ ಕೇಳಿದ್ದನ್ನು ಕೇಳಿಸಿಕೊಂಡು ಸುಮ್ಮನಿರುವುದು ನನಗೆ ರೂಢಿಯಾಗಿತ್ತು. ಅವಳಿಗೆ ಇದು ಹೇಳದೆಯೇ ಅರ್ಥವಾಯಿತು. ಮಸ್ತಾನನ ಹತ್ತಿರ ತಪ್ಪಾಯಿತೆಂದು ಹೇಳಿ ಬಂದು ಕಾರಿನ ಪರದೆ ನೋಡಿದಳು.

ಹಿಂದಿನ ದಿನ ಹೊಸ ಸಾಫ್ಟ್‌ವೇರ್ ಬಂದಿತ್ತು. ಅದೇನೂ ವಿಶೇಷವಲ್ಲ. ಈಗಿನ ಕಾರೆಂದರೆ ಚಕ್ರ ಇರುವ ಕಂಪ್ಯೂಟರ್, ಕಂಪನಿಯವರು ಕೂತಲ್ಲಿಂದಲೇ ಆಗಾಗ ಏನಾದರೂ ಕಳಿಸುತ್ತಿರುತ್ತಾರೆ. ಪರದೆಯ ಮೇಲೆ 'ನಿಮ್ಮ ಹರಿಣಿ ಈಗ ಇನ್ನಷ್ಟು ಚುರುಕು' ಎಂದಿತ್ತು. ಒಳಗಿನ ದೀಪಕ್ಕೆ ಏಳು ಹೊಸ ಬಣ್ಣ ಬಂದಿತ್ತು. ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಬಳಕೆ ಕಡಿಮೆ ಇರುವ ಕೆಲವು ಸೌಲಭ್ಯಗಳನ್ನು ತೆಗೆಯಲಾಗಿದೆ' ಎಂಬ ಸಾಲು.

ಮಾರನೇ ದಿನ ಮೆಲ್ಲಗೆ ಓಡಿಸಿಕೊಂಡು ಹೊಸಪೇಟೆಯ ಸರ್ವಿಸ್ ಸೆಂಟರಿಗೆ ಹೋದೆವು. ಇಸ್ತ್ರಿ ಮಾಡಿದ ಅಂಗಿಯ ಹುಡುಗ ಕಾರಿಗೆ ವೈರು ಚುಚ್ಚಿ, ತನ್ನ ಟ್ಯಾಬ್ ನೋಡಿ, ಸಂತೋಷದಿಂದ ಹೇಳಿದ:

"ಗಾಡಿಯಾಗ ಏನೂ ಫಾಲ್ಟ್ ಇಲ್ಲ ಸರ್."

"ಸೀಟು ನಡುಗವಲ್ದು."

"ಆ ಫೀಚರ್ ಈಗ ಇಲ್ಲಲ್ರಿ ಸರ್. ಇಲ್ಲದ್ದು ಕೆಟ್ಟೈತಿ ಅಂತ ಹೆಂಗ ಬರ್ಕೊಳ್ಳಿ?"

"ಮೈಕ್ ಅದಾವಲ್ಲ? ಮೋಟರ್ ಅದಾವಲ್ಲ?"

"ಎಲ್ಲಾ ಅದಾವ್ ಸರ್. ಏನ್ ಮಾಡ್ಬೇಕು ಅಂತ ಅವಕ್ಕ ಹೇಳೋರು ಇಲ್ಲ ಅಷ್ಟ."

ಪಂಪಾವತಿ ಅವನ ತುಟಿಯನ್ನೇ ನೋಡುತ್ತಿದ್ದಳು. "ನಾವು ಕೊಂಡ ಗಾಡಿಯಾಗಿಂದ ನಮ್ಮನ್ನ ಕೇಳದಂಗ ತಗೊಂಡ್ ಹೋಗ್ಯಾರಲ್ಲ, ಇದಕ್ಕ ಏನಂತಾರ ತಮ್ಮಾ?" ಅಂದಳು. ಶೋರೂಮಿನಲ್ಲಿ ಹೊಸ ಕಾರು ನೋಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಹುಡುಗ ಪಾಪ, "ಅಪ್‌ಡೇಟ್ ಅಂತಾರ್ರಿ ಮೇಡಂ," ಅಂದ.

ಕಾರನ್ನು ಮನೆಗೆ ತರಲೇಬೇಕಿತ್ತು. ಅವತ್ತು ವಾಪಸ್ ಬರುವಾಗ ನಾನೇ ಅವಳ ಕಿವಿಯಾದೆ. ಎಡಗಡೆ ಶಬ್ದವಾದರೆ ಎಡ ಹೆಗಲು ತಟ್ಟುವುದು, ಬಲಗಡೆಯಾದರೆ ಬಲ ಹೆಗಲು. ಮೂವತ್ತು ಮಕ್ಕಳ ಗಲಾಟೆಯಲ್ಲಿ ಕೊನೇ ಬೆಂಚಿನ ಪಿಸುಮಾತು ಹಿಡಿಯುವ ಮನುಷ್ಯ ನಾನು, ಇದೇನು ಮಹಾ ಎಂದುಕೊಂಡೆ. ಸೈಕಲ್ ಬೆಲ್ಲಿಗೆ ತಟ್ಟಿದೆ. ಐಸ್‌ಕ್ರೀಂ ಗಾಡಿಯ ಗಂಟೆಗೆ ತಟ್ಟಿದೆ. ಆಚೆ ರಸ್ತೆಯಲ್ಲಿ ಎದುರು ದಿಕ್ಕಿಗೆ ಹೋಗುತ್ತಿದ್ದ ಬಸ್ಸಿಗೂ ತಟ್ಟಿದೆ. ಯಾವುದು ನಮಗೆ, ಯಾವುದು ಬೇರೆಯವರಿಗೆ ಎಂದು ಯೋಚಿಸುವಷ್ಟರಲ್ಲಿ ನಮಗೆ ಬೇಕಾದ ಹಾರ್ನ್ ದಾಟಿ ಹೋಗಿರುತ್ತಿತ್ತು. ಅವಳು ನಾನು ಮುಟ್ಟಿದಾಗಲೆಲ್ಲ ಬೆಚ್ಚಿ ಬ್ರೇಕ್ ಒತ್ತುತ್ತಿದ್ದಳು.

ಕೊನೆಗೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, "ಏನ್ರಿ ಇದು, ತಬಲಾ ಬಾರಿಸಿದಂಗ ಬಾರಿಸ್ತೀರಲ್ಲ," ಅಂದಳು. ಇಬ್ಬರೂ ನಕ್ಕೆವು. ಮನೆ ಮುಟ್ಟುವ ಹೊತ್ತಿಗೆ ನಗು ಉಳಿದಿರಲಿಲ್ಲ. ಅವಳು ಲೈಸೆನ್ಸ್ ಕಾರ್ಡಿನ ಹಿಂಭಾಗವನ್ನು ಒಮ್ಮೆ ನೋಡಿ, ಕಾರಿನ ಕೀಲಿಯನ್ನು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದಳು.

ಆಮೇಲೆ ಬಟ್ಟೆಯ ಗಂಟು ಹೊತ್ತು ಬಸ್ಸಿನಲ್ಲಿ ಓಡಾಟ ಶುರುವಾಯಿತು. ಬಸ್ಸು ಹೋಗದ ತಾಂಡಾಗಳಿಗೆ ನಡೆದಳು, ನಡೆಯಲಾಗದವನ್ನು ಬಿಟ್ಟಳು. ಅಷ್ಟರಲ್ಲಿ ಹೊಸಪೇಟೆಯ ಒಬ್ಬ ಏಜೆಂಟ್ ವ್ಯಾನು ತೆಗೆದುಕೊಂಡು ಗುಡ್ಡ ಹತ್ತಿದ್ದಾನೆ ಎಂಬ ಸುದ್ದಿ ಬಂತು. ಇನ್ನೊಂದು ತಿಂಗಳು ಹೀಗೇ ಆದರೆ ಅವಳು ಕಟ್ಟಿದ್ದೆಲ್ಲ ಅವನ ವ್ಯಾನು ಹತ್ತುವುದು ಖಂಡಿತ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಕಾರು ಪಂಪಾವತಿಯ ಹೆಸರಿನಲ್ಲಿದೆ, ಅವರೇ ಮಾತಾಡಬೇಕು ಅಂದರು. ಅವರಿಗೆ ಕಿವಿ ಕೇಳುವುದಿಲ್ಲ ಅಂದೆ. ಹಾಗಾದರೆ ಅವರು ಅದನ್ನು ಫೋನಿನಲ್ಲಿ ಹೇಳಲಿ ಅಂದರು. ನನಗೆ ತಲೆ ಕೆಟ್ಟು ಫೋನು ಇಟ್ಟೆ.

ಪಂಪಾವತಿ ಬೇರೆ ದಾರಿ ಹಿಡಿದಳು. ಕಾರಿನ ಪರದೆಯಲ್ಲಿ 'ನಿಮ್ಮ ಅನಿಸಿಕೆ ಹೇಳಿ' ಎಂಬ ಗುಂಡಿ ಇದೆ. ಒತ್ತಿದರೆ ಅರ್ಧ ನಿಮಿಷ ಮಾತಾಡಬಹುದು, ಅದು ನೇರ ಕಂಪನಿಗೆ ಹೋಗುತ್ತದೆ. ಅವಳು ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ನಿಂತ ಕಾರಿನಲ್ಲಿ ಕೂತು, ಆ ಗುಂಡಿ ಒತ್ತಿ, ತನ್ನ ಮಾಮೂಲಿ ದನಿಯಲ್ಲಿ ಹೇಳುತ್ತಿದ್ದಳು. "ನಾನು ಸಂಡೂರಿನ ಪಂಪಾವತಿ. ನನಗ ಕಿವಿ ಕೇಳಂಗಿಲ್ಲ. ನೀವು ತಗೊಂಡಿರೋ ಕಿವಿ ವಾಪಸ್ ಕೊಡ್ರಿ." ಓಣಿಯವರಿಗೆ ಅದು ಬೆಳಗಿನ ಅಲಾರಂ ಆಯಿತು. ಪ್ರತಿ ಸಲವೂ ಪರದೆಯ ಮೇಲೆ ಒಂದೇ ಉತ್ತರ ಬರುತ್ತಿತ್ತು. 'ಶಬ್ದದ ತೊಂದರೆಗೆ ವಿಷಾದಿಸುತ್ತೇವೆ. ಸ್ಪೀಕರಿನ ದನಿ ಹೆಚ್ಚಿಸಿ ನೋಡಿ.'

ಇನ್ನು ತುಮಕೂರಿನ ಕಡೆ ಇರುವ ಕಂಪನಿಯ ಕಂಟ್ರೋಲ್ ರೂಮಿನ ವಿಷಯ. ನಾನು ಅದನ್ನು ಕಂಡವನಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಲವೀನಾ ಡಿಸೋಜ ಎಂಬ ಎಂಜಿನಿಯರ್ ಆಮೇಲೆ ಹೇಳಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ರಸ್ತೆಯಲ್ಲಿರುವ ಪ್ರತಿಯೊಂದು ಹರಿಣಿಯೂ ಅಲ್ಲಿನ ಗೋಡೆಯ ಮೇಲೆ ಒಂದು ಚುಕ್ಕಿ. ಎಷ್ಟು ಓಡಿತು, ಯಾವಾಗ ಬ್ರೇಕ್ ಬಿತ್ತು, ಸ್ಟಿಯರಿಂಗ್ ಎಷ್ಟು ತಿರುಗಿತು ಎಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಗಿರಾಕಿಗಳ ಮಾತನ್ನು ಯಂತ್ರವೇ ಕೇಳಿ, ವಿಂಗಡಿಸಿ, ಉತ್ತರಿಸುತ್ತದೆ. ಯಂತ್ರ ಸರಿಯಾಗಿ ಉತ್ತರಿಸುತ್ತಿದೆಯೇ ಎಂದು ಆಗಾಗ ಒಂದೆರಡನ್ನು ತೆರೆದು ಕೇಳುವುದು ಲವೀನಾಳ ಕೆಲಸ. ಹಾಗೆ ತೆರೆದಾಗ ಪಂಪಾವತಿಯ ದನಿ ಕೇಳಿತು. ಅದೇ ನಂಬರಿನ ಹಿಂದಿನ ಮಾತುಗಳನ್ನೂ ಒಂದೊಂದಾಗಿ ಕೇಳಿದಳು. ಕಿವಿ ಕೇಳದವರಿಗೆ ಸ್ಪೀಕರ್ ಜೋರು ಮಾಡಿ ಎಂದು ಹೇಳಿದ್ದಕ್ಕೆ ಅವಳಿಗೆ ನಾಚಿಕೆಯಾಯಿತಂತೆ.

ಅವಳು ತನ್ನ ಮೇಲಧಿಕಾರಿ ಶ್ರೀವತ್ಸ ಅವರ ಬಳಿ ಹೋದಳು. ಕೆಟ್ಟವರಲ್ಲ, ಆದರೆ ಪಟ್ಟಿ ನೋಡಿ ನಿರ್ಧಾರ ಮಾಡುವವರು.

"ಡೇಟಾ ನೋಡಿ ಲವೀನಾ," ಅಂದರು. "ಸೀಟು ನಡುಗಿದ ಮೇಲೆ ಡ್ರೈವರ್ ಬ್ರೇಕ್ ಹಾಕಬೇಕು, ಇಲ್ಲ ಪಕ್ಕಕ್ಕೆ ಸರೀಬೇಕು. ಎರಡೂ ಮಾಡ್ದೆ ಇದ್ರೆ ಸೂಚನೆ ವೇಸ್ಟ್ ಅಂತ ಲೆಕ್ಕ. ನೂರಕ್ಕೆ ತೊಂಬತ್ತು ಸಲ ಅವರು ಏನೂ ಮಾಡಲ್ಲ. ಮೆಮೊರಿ ಕಮ್ಮಿ ಇದೆ. ಹೊಸದು ಬರಬೇಕಾದ್ರೆ ಹಳೇದು ಹೋಗಬೇಕಲ್ವಾ?"

ಏಳು ಬಣ್ಣದ ದೀಪಕ್ಕೆ ಜಾಗ ಸಿಕ್ಕಿದ್ದು ಹಾಗೆ.

ಲವೀನಾ ಬಿಡಲಿಲ್ಲ. ಒಂದು ಕಾರಿನಲ್ಲಿ, ಒಂದೇ ದಿನ, ಸಂಜೆ ಆರರವರೆಗೆ ಧ್ವನಿಸ್ಪರ್ಶವನ್ನು ವಾಪಸ್ ಹಾಕಿ ಪರೀಕ್ಷೆ ಮಾಡಲು ಅನುಮತಿ ಪಡೆದು, ಬಸ್ಸು ಹಿಡಿದು ನಮ್ಮೂರಿಗೆ ಬಂದಳು. ಮಂಗಳೂರಿನ ಹುಡುಗಿ, ನಮ್ಮ ಬಿಸಿಲಿಗೆ ಬಂದ ಗಳಿಗೆಯಲ್ಲೇ ಕೆಂಪಾದಳು. ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಪಂಪಾವತಿಗೆ ಸ್ಟಿಯರಿಂಗ್ ತಿರುಗಿದ್ದರ ಎರಡು ಗೆರೆ ತೋರಿಸಿದಳು.

"ಇದು ಮೊದಲು ನೀವು ಓಡಿಸಿದ್ದು. ಇದು ನಾವು ತೆಗೆದ ಮೇಲೆ, ಹೊಸಪೇಟೆಯಿಂದ ಬರುವಾಗ. ಎರಡೂ ಒಬ್ರೇ ಓಡಿಸಿದ್ದು ಅಂತ ನಂಬ್ಲಿಕ್ಕೇ ಆಗುದಿಲ್ಲ."

ಮೊದಲ ಗೆರೆ ಎಳೆದ ದಾರದಂತೆ ನೆಟ್ಟಗಿತ್ತು. ಎರಡನೆಯದು ಹೊಲಿಗೆ ಕಲಿಯುವವರ ಮೊದಲ ದಿನದ ಹೊಲಿಗೆಯ ಹಾಗಿತ್ತು. ಅದರ ಕೀರ್ತಿಯಲ್ಲಿ ನನ್ನ ತಬಲಾಕ್ಕೂ ಪಾಲಿದೆ ಎಂದು ನಾನು ಹೇಳಲು ಹೋಗಲಿಲ್ಲ.

"ಹಾರ್ನ್ ಆದ್ರೂ ನೀವು ಹೆಚ್ಚಿನ ಸಲ ಎಂತದೂ ಮಾಡುದಿಲ್ಲ. ಯಾಕೆ?" ಲವೀನಾ ಕೇಳಿದಳು.

ಪಂಪಾವತಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಏನೂ ಮಾಡಬ್ಯಾಡ ಅನ್ನಾಕ ಅಲ್ಲೇನಮ್ಮಾ ಹಾರ್ನ್ ಹೊಡಿಯೋದು? ನಾನು ಹಿಂದ ಬರಾಕತ್ತೀನಿ, ನೀ ಇದ್ದಂಗ ಇರು, ನಾ ದಾಟಿ ಹೋಗ್ತೀನಿ ಅಂತ. ಅದನ್ನ ಕೇಳಿ ಬ್ರೇಕ್ ಹಾಕಿದ್ರ ಹಿಂದಿನಾವ ಬಂದು ಗುದ್ದತಾನ. ಗಂಡಿಯ ತಿರುವಿನಾಗ ಮುಂದಿನ ಹಾರ್ನ್ ಆದ್ರ ಅಷ್ಟ ನಿಲ್ಲಬೇಕು."

ಲವೀನಾ ಲ್ಯಾಪ್‌ಟಾಪಿನಲ್ಲಿ ಆ ಪಟ್ಟಿಯನ್ನು ಮತ್ತೆ ತೆರೆದಳು. ನೂರಕ್ಕೆ ತೊಂಬತ್ತು ಸಲ ವೇಸ್ಟ್ ಎಂದು ಕಂಪನಿ ಬರೆದುಕೊಂಡದ್ದೆಲ್ಲ, ಆ ಸೀಟು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ ಸಲಗಳು. ಹಾರ್ನ್ ಎಂದರೆ ಅಪಾಯ, ಕೇಳಿದವರು ಬೆಚ್ಚಿ ಏನಾದರೂ ಮಾಡಲೇಬೇಕು ಎಂದು ಯಾವುದೋ ದೇಶದ ಖಾಲಿ ರಸ್ತೆಯಲ್ಲಿ ಕೂತು ಯಾರೋ ಬರೆದ ನಿಯಮ ಅದು. ನಮ್ಮ ರಸ್ತೆಯಲ್ಲಿ ಹಾರ್ನ್ ಎಂದರೆ ಮಾತು. ಈ ನಾಡಿನಲ್ಲೇ ಹುಟ್ಟಿ ಬೆಳೆದ ಲವೀನಾಳಿಗಾಗಲಿ, ಶ್ರೀವತ್ಸ ಅವರಿಗಾಗಲಿ ಇದು ಗೊತ್ತಿಲ್ಲದ್ದೇನಲ್ಲ. ದಿನಾ ಹೊಡೆಯುವವರೇ. ಪಟ್ಟಿ ನೋಡುವಾಗ ಮಾತ್ರ ನೆನಪಾಗಲಿಲ್ಲ.

ಲವೀನಾ ಕಾರಿಗೆ ತನ್ನ ವೈರು ಚುಚ್ಚಿದಳು, ಸೀಟಿಗೆ ಮತ್ತೆ ಜೀವ ಬಂತು. ಪಂಪಾವತಿ ಮೊಳೆಯಿಂದ ಕೀಲಿ ತೆಗೆದಳು. ನಾನು ಅವಳ ಪಕ್ಕ, ಲವೀನಾ ಹಿಂದೆ, ಗುಡ್ಡ ಹತ್ತಿ ಬಿಟ್ಟುಹೋಗಿದ್ದ ಮೂರು ತಾಂಡಾಗಳಿಗೆ ಹೋಗಿ ಬಂದೆವು. ಹೆಂಗಸರು ಕಾರನ್ನು ಸುತ್ತುಗಟ್ಟಿ, ಎಲ್ಲಿ ಹೋಗಿದ್ದಿ ಎಂದು ಅವಳನ್ನು ಬೈದರು. ಬೈಸಿಕೊಳ್ಳುವಾಗ ಅವಳ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಮನೆಗೆ ಬಂದು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿನ್ನುವಾಗ ಲವೀನಾ ಶ್ರೀವತ್ಸ ಅವರಿಗೆ ಫೋನು ಮಾಡಿ ಎಲ್ಲ ವಿವರಿಸಿದಳು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. "ಒಳ್ಳೇ ಪಾಯಿಂಟು. ರಿಪೋರ್ಟ್ ಕೊಡಿ, ಮುಂದಿನ ವರ್ಷದ ಮಾಡೆಲ್‌ಗೆ ನೋಡೋಣ. ಈ ಗಾಡಿಯದ್ದನ್ನ ಆರು ಗಂಟೆಗೆ ತೆಗೀತಾರೆ." ಫೋನು ಇಟ್ಟ ಮೇಲೆ ಅವಳು ಬಜ್ಜಿ ಮುಟ್ಟಲಿಲ್ಲ. ಹುಡುಗಿಯ ಮುಖ ನೋಡಿಯೇ ಪಂಪಾವತಿಗೆ ತಿಳಿಯಿತು. ನನಗೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ನಾನು ಚಹಾ ಮಾಡುತ್ತೇನೆ, ಮಾಡಿದೆ.

ಹೊರಡುವ ಮೊದಲು ಲವೀನಾ ತನ್ನ ವೈರು ಬಿಚ್ಚಿಕೊಳ್ಳುತ್ತೇನೆಂದು ಕಾರಿನ ಹತ್ತಿರ ಹೋಗಿ ಪಂಪಾವತಿಯನ್ನು ಕರೆದಳು. ಸ್ಟಿಯರಿಂಗಿನ ಕೆಳಗಿನ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಬಣ್ಣಬಣ್ಣದ ಫ್ಯೂಸುಗಳ ಸಾಲು.

"ಅಕ್ಕ, ಈ ನೀಲಿ ಫ್ಯೂಸ್ ಉಂಟಲ್ಲ, ಮೇಲಿನಿಂದ ಎರಡನೇದು. ಇದನ್ನು ಮಾತ್ರ ಮುಟ್ಟಬೇಡಿ." ಬೆಳಕಿಗೆ ಮುಖ ಮಾಡಿ, ಒಂದೊಂದೇ ಶಬ್ದವನ್ನು ತುಟಿಯ ಮೇಲೆ ಬಿಡಿಸಿ ಇಟ್ಟ ಹಾಗೆ ಹೇಳುತ್ತಿದ್ದಳು. "ಇದನ್ನು ತೆಗೆದ್ರೆ ಗಾಡಿಗೆ ನಮ್ಮ ಆಫೀಸಿನ ಮಾತು ಕೇಳುದಿಲ್ಲ. ನಾವು ಎಂತ ಹೇಳಿದ್ರೂ ಕೇಳುದಿಲ್ಲ. ಮ್ಯಾಪ್, ಹಾಡು ಎಲ್ಲ ಹೋಗ್ತದೆ. ಆಕ್ಸಿಡೆಂಟ್ ಆದ್ರೆ ಗಾಡಿ ತಾನಾಗಿ ಆಸ್ಪತ್ರೆಗೆ ಫೋನ್ ಮಾಡುದೂ ಹೋಗ್ತದೆ. ಕಂಪನಿಯ ವಾರಂಟಿ ಇರುದಿಲ್ಲ. ಗೊತ್ತಾಯ್ತಲ್ಲ?"

"ಗೊತ್ತಾತು," ಅಂದಳು ಪಂಪಾವತಿ.

ಲವೀನಾಳನ್ನು ಬಸ್ಸು ಹತ್ತಿಸಿ ಬಂದೆವು. ಕಾರಿನ ಮುಂದೆ ನಿಂತು ಪಂಪಾವತಿ ಕೇಳಿದಳು, "ಆ ಹುಡುಗಿ ಏನಂದ್ಲು? ನಿಮಗೂ ಕೇಳಿಸ್ತಲ್ಲ?"

ಸರ್ಕಾರಿ ಶಾಲೆಯ ಮೇಷ್ಟ್ರು ನಾನು. "ಮುಟ್ಟಬ್ಯಾಡ ಅಂದ್ಲು," ಅಂದೆ.

"ನನಗೂ ಹಂಗ ಕಾಣಿಸ್ತು," ಎಂದು ಅವಳು ಬಗ್ಗಿ, ಮೇಲಿನಿಂದ ಎರಡನೆಯದನ್ನು ಉಗುರಿನಿಂದ ಎಬ್ಬಿಸಿ ತೆಗೆದಳು. ಅದನ್ನು ಒಯ್ದು ಕನ್ನಡಿ ಬಿಲ್ಲೆಗಳ ಡಬ್ಬಿಯಲ್ಲಿ ಹಾಕಿದಳು. "ಈಗ ಈ ಮನ್ಯಾಗ ಕಿವಿ ಕೇಳದೋರು ಇಬ್ಬರಾದ್ವಿ," ಅಂದಳು ಕಾರಿನ ಕಡೆ ನೋಡಿ, ಓಣಿಗೆಲ್ಲ ಕೇಳುವಂತೆ.

ಅವತ್ತು ಆರು ಗಂಟೆಗೆ ತುಮಕೂರಿನಿಂದ ಆಜ್ಞೆ ಹೊರಟಿತು. ಗೋಡೆಯ ಮೇಲೆ ಸಂಡೂರಿನ ಚುಕ್ಕಿ ಬೂದು ಬಣ್ಣಕ್ಕೆ ತಿರುಗಿ, 'ವಾಹನ ಉತ್ತರಿಸುತ್ತಿಲ್ಲ' ಎಂದು ಬಂತು. ಮಾರನೇ ದಿನವೂ ಅಷ್ಟೇ. ಶ್ರೀವತ್ಸ ಲವೀನಾಳನ್ನು ಕರೆಸಿ ಕೇಳಿದರು.

"ಗುಡ್ಡದ ಊರು ಸರ್. ರೇಂಜ್ ಸಿಗುದಿಲ್ಲ ಕಾಣ್ತದೆ," ಅಂದಳು. ಆಮೇಲೆ ಸೇರಿಸಿದಳು, "ಒಂದು ಗಾಡಿಯಿಂದ ಏನೂ ಹೇಳ್ಲಿಕ್ಕೆ ಆಗುದಿಲ್ಲ ಸರ್. ರಿಪೋರ್ಟ್ ಗಟ್ಟಿ ಆಗ್ಬೇಕಾದ್ರೆ ಇನ್ನೂ ಕೆಲವು ಬೇಕು. ಕಿವಿ ಕೇಳದವರ ಗಾಡಿಗಳು ಎಲ್ಲೆಲ್ಲಿ ಉಂಟು ಅಂತ ನಾನು ನೋಡಿಟ್ಟಿದ್ದೇನೆ."

ಮುಂದಿನ ವರ್ಷದ ಮಾಡೆಲ್‌ಗೆ ಉಪಯೋಗವಾಗುತ್ತದೆಂದು ಶ್ರೀವತ್ಸ ಒಪ್ಪಿದರು. ಲವೀನಾ ಒಂದೊಂದೇ ಊರಿಗೆ ಹೋಗಿ ಒಂದೊಂದು ದಿನ ಪರೀಕ್ಷೆ ಮಾಡಿ, ಹೊರಡುವ ಮೊದಲು ಎಲ್ಲರಿಗೂ ಅದೇ ಎಚ್ಚರಿಕೆ ಹೇಳಿ ಬಂದಳು. ಗೋಡೆಯ ಮೇಲೆ ಬೂದು ಚುಕ್ಕಿಗಳು ಹೆಚ್ಚುತ್ತ ಹೋದವು. ಒಂದು ದಿನ ಶ್ರೀವತ್ಸ ಭತ್ತದ ಬಯಲಿನ ನಡುವಿನ ಒಂದು ಚುಕ್ಕಿಯ ಮೇಲೆ ಬೆರಳಿಟ್ಟು, "ಸಿಂಧನೂರಲ್ಲಿ ಯಾವ ಗುಡ್ಡ ಇದೆ ಲವೀನಾ?" ಎಂದು ಕೇಳಿದರಂತೆ. ಉತ್ತರಕ್ಕೆ ಕಾಯದೆ ಊಟಕ್ಕೆ ಹೋದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಆಸ್ಪತ್ರೆಗೆ ಫೋನು ಮಾಡುವ ಸೌಲಭ್ಯ ಹೋದದ್ದಕ್ಕೆ ನನಗೆ ಇವತ್ತಿಗೂ ಹೆದರಿಕೆಯಿದೆ. ಅದಕ್ಕೇ ರಜಾ ದಿನಗಳಲ್ಲಿ ತಪ್ಪದೆ ಜೊತೆಗೆ ಹೋಗುತ್ತೇನೆ. ಏಜೆಂಟನ ವ್ಯಾನು ಒಂದು ತಾಂಡಾವನ್ನು ಇಟ್ಟುಕೊಂಡಿತು, ಉಳಿದವು ಪಂಪಾವತಿಯ ಬಳಿಯೇ ಇವೆ.

ಹೋದ ಭಾನುವಾರ ಜೋಗಿಗಂಡಿಯಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು, ಮೂರು ಸಲ. ನನ್ನ ಕೈ ಅವಳ ಹೆಗಲ ಕಡೆ ಎದ್ದಿತು. ನಾನೇ ಅದನ್ನು ಇಳಿಸಿಕೊಂಡು ಅವಳ ಮುಖ ನೋಡಿದೆ, ಸೀಟು ಆಗಲೇ ಹೇಳಿಯಾಗಿತ್ತು. ಅವಳು ಬ್ರೇಕ್ ಹಾಕಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಸ್ಟಿಯರಿಂಗ್ ಇದ್ದ ಹಾಗೇ ಇತ್ತು. ಲಾರಿ ನಮ್ಮನ್ನು ದಾಟಿತು. ಮಸ್ತಾನ್ ಕಿಟಕಿಯಿಂದ ಕೈ ಬೀಸಿ ಹೋದ.

ಏನೂ ಆಗಲಿಲ್ಲ.